ಹೊಟ್ಟೆಗೆ ಪೆಟ್ಟು: ಒಳಗೆ ತುಂಬಿಕೊಳ್ಳುವ ರಕ್ತ, ದ್ರವ

ಸೈಕಲ್ಲಿನಿಂದ ಬಿದ್ದಾಗ ಹ್ಯಾಂಡಲ್ ಮಗುವಿನ ಹೊಟ್ಟೆಗೆ ಬಡಿದಿದೆ, ಮೇಲೆ ಗೀರೂ ಇಲ್ಲ. ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಗುಲ್ಮ ಅಥವಾ ಲಿವರ್ ಸೀಳಿದರೆ ರಕ್ತ ಹೊಟ್ಟೆಯೊಳಗೇ ಸೇರುತ್ತದೆ; ಗುಲ್ಮದ ರಕ್ತಸ್ರಾವ ಕೆಲವೊಮ್ಮೆ ದಿನಗಳ ನಂತರ ಶುರುವಾಗುವುದೂ ಉಂಟು. ನೋವು ಹೆಚ್ಚುತ್ತಿದ್ದರೆ, ಹೊಟ್ಟೆ ಬಿಗಿಯಾಗಿ ಉಬ್ಬಿದರೆ, ಎಡ ಭುಜ ನೋಯುತ್ತಿದ್ದರೆ, ತಲೆಸುತ್ತು ಅಥವಾ ತಣ್ಣನೆಯ ಬೆವರು ಬಂದರೆ 108ಕ್ಕೆ ಕರೆ ಮಾಡಿ. 2005ರಲ್ಲಿ ನಮ್ಮ ಹೈದರಾಬಾದಿನಲ್ಲೇ ಆರಂಭವಾದ ಈ ಉಚಿತ ಆಂಬುಲೆನ್ಸ್ ಸೇವೆಗೆ ಕರ್ನಾಟಕದಲ್ಲೂ ಅದೇ ಸಂಖ್ಯೆ.

ವೈದ್ಯರು ನೋಡುವವರೆಗೆ ತಿನ್ನಲು, ಕುಡಿಯಲು ಏನೂ ಕೊಡಬೇಡಿ. ಔಷಧ ಅಂಗಡಿಗೆ ಬಂದು "ಒಂದು ನೋವಿನ ಮಾತ್ರೆ ಕೊಡಿ" ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು, ಮೊದಲು ಆಸ್ಪತ್ರೆಗೆ ಹೋಗಿ. ಪೆಟ್ಟಾದವರು ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ನುಂಗುತ್ತಿದ್ದರೆ ಅದರ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಅಲ್ಲಿ ಅಲ್ಟ್ರಾಸೌಂಡ್, ಬೇಕಾದರೆ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ.

ಹಲವರು ಮರೆಯುವುದು ಮೇದೋಜೀರಕ ಗ್ರಂಥಿಯನ್ನು. ಅದಕ್ಕೆ ಗಾಯವಾದರೆ ಜೀರ್ಣರಸ ಸೋರಿ ಒಂದೆಡೆ ನಿಲ್ಲುತ್ತದೆ. ಸುಮಾರು 4 ವಾರಗಳಲ್ಲಿ ಸುತ್ತಲೂ ಗೋಡೆ ಬೆಳೆದು ಚೀಲದಂತಾಗುತ್ತದೆ. ಇದೇ ಸ್ಯೂಡೋಸಿಸ್ಟ್. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ವಾಂತಿ, ಮೇಲುಹೊಟ್ಟೆಯಲ್ಲಿ ಗಡ್ಡೆ ಇದರ ಲಕ್ಷಣಗಳು. ಹಲವು ಚೀಲಗಳು ತಾವಾಗಿಯೇ ಕರಗುತ್ತವೆ. ತೊಂದರೆ ಕೊಡುವುದನ್ನು ಎಂಡೋಸ್ಕೋಪಿಯಿಂದ ಬಸಿಯಬಹುದು. ಜ್ವರ ಬಂದರೆ ಒಳಗೆ ಸೋಂಕು ತಗುಲಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ. ತಿಂಗಳ ಹಿಂದಿನ ಆ ಪೆಟ್ಟಿನ ವಿಷಯವನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.