ರಕ್ಷಿಸಿದ ನಾಯಿಗಳಿಗೆ ತಾತ್ಕಾಲಿಕ ಆಸರೆ ಮನೆ

ಗಾಯಗೊಂಡ, ತಾಯಿಯಿಂದ ಅಗಲಿದ ಅಥವಾ ಸಾಕಿದವರೇ ಬಿಟ್ಟುಹೋದ ನಾಯಿಯನ್ನು ಅದು ಗುಣವಾಗುವವರೆಗೆ, ಇಲ್ಲವೇ ದತ್ತು ಪಡೆಯುವವರು ಸಿಗುವವರೆಗೆ ಇಟ್ಟುಕೊಳ್ಳುವ ಮನೆಗೆ ಫಾಸ್ಟರ್ ಹೋಮ್ ಎನ್ನುತ್ತಾರೆ. ಚಿಕಿತ್ಸೆಗೆ ಹಣ ಕೊಡುವ ದಾನಿಗಳು ನಮ್ಮ ಸಮಾಜದಲ್ಲಿ ಸಿಗುತ್ತಾರೆ. ಚಿಕಿತ್ಸೆಯ ನಂತರ ಹದಿನೈದು ದಿನ ಜಾಗ ಕೊಡುವವರು ಸಿಗುವುದೇ ಕಷ್ಟ. ಹೊಲಿಗೆ ಹಾಕಿಸಿಕೊಂಡ ನಾಯಿ ಮರುದಿನವೇ ಬೀದಿ ಸೇರಿದರೆ ಆ ಖರ್ಚು, ಶ್ರಮ ಎರಡೂ ವ್ಯರ್ಥವಾಗಬಹುದು.

ಧರ್ಮದ ದೃಷ್ಟಿ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಆಸರೆ ಕೊಡುವುದು ಅಭಯದಾನ. ತತ್ತ್ವಾರ್ಥಸೂತ್ರದ 7ನೇ ಅಧ್ಯಾಯವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧ ಮತ್ತು ಅನ್ನಪಾನನಿರೋಧವನ್ನು ಹೇಳುತ್ತದೆ. ಆದ್ದರಿಂದ ಆಸರೆಯ ಹೆಸರಿನಲ್ಲಿ ದಿನವಿಡೀ ಸರಪಳಿ ಹಾಕಿಡುವುದು, ನೀರಿಲ್ಲದೆ ಬಿಡುವುದು ಸಲ್ಲದು.

ಅಡುಗೆಮನೆಯ ಪ್ರಶ್ನೆ

‘ಮಾಂಸ, ಮೊಟ್ಟೆ ಹಾಕಬೇಕಲ್ಲ’ ಎಂಬುದು ಮೊದಲ ಅಳುಕು. ನಾಯಿ ಸಸ್ಯಾಹಾರದಲ್ಲೂ ಬದುಕಬಲ್ಲದು. ಬೆಕ್ಕಿಗೆ ಅದು ಸಾಧ್ಯವಿಲ್ಲ. ಕೆಲವು ವಾರಗಳ ಮಟ್ಟಿಗೆ ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ, ಸಿಹಿಗುಂಬಳ, ಸ್ವಲ್ಪ ಮೊಸರು ಅಥವಾ ಪನೀರ್ ಕೊಡಬಹುದು. ಮರಿ ಹಾಗೂ ನಿಶ್ಶಕ್ತ ನಾಯಿಯ ಆಹಾರವನ್ನು ಪಶುವೈದ್ಯರನ್ನು ಕೇಳಿಯೇ ನಿರ್ಧರಿಸಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ನಾಯಿಯ ಪಾತ್ರೆ ಬೇರೆ ಇರಲಿ. ಮುನಿಗಳ ಆಹಾರಕ್ಕೆ ಚೌಕ ಹಾಕುವ ಮನೆಯವರನ್ನು ಆ ದಿನಗಳಲ್ಲಿ ಒತ್ತಾಯಿಸಬೇಡಿ.

ಮನೆ ಹುಡುಕುವ ಬಗೆ

‘ಯಾರಾದರೂ ಇಟ್ಟುಕೊಳ್ಳಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಕೈಮುಗಿದ ಚಿತ್ರಗಳು ಬರುತ್ತವೆ, ಮನೆ ಸಿಗುವುದಿಲ್ಲ. ಹಿತ್ತಲು, ವರಾಂಡ ಅಥವಾ ಖಾಲಿ ಕೋಣೆ ಇರುವವರನ್ನು, ಮನೆಯಲ್ಲೇ ಇರುವ ನಿವೃತ್ತರನ್ನು ನೇರವಾಗಿ ಭೇಟಿಯಾಗಿ ಕೇಳಿ. ಮನೆಮಂದಿಯೆಲ್ಲರ ಒಪ್ಪಿಗೆ ಇರಲಿ. ಬಾಡಿಗೆ ಮನೆಯಾದರೆ ಮಾಲೀಕರದೂ ಬೇಕು. ಈ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡಿ:

• ನಾಯಿಯ ವಯಸ್ಸು, ಸ್ವಭಾವ, ಗಾಯ, ಹಾಕಿಸಿದ ಲಸಿಕೆ
• ಎಷ್ಟು ದಿನ, ಯಾವ ತಾರೀಖಿಗೆ ವಾಪಸ್
• ಔಷಧ, ಆಹಾರದ ಖರ್ಚು ಯಾರದು
• ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು

ಕಚ್ಚುವ ಸ್ವಭಾವವಿದ್ದರೆ ಮುಚ್ಚಿಡಬೇಡಿ. ಹೇಳಿದ ತಾರೀಖಿಗೆ ತಪ್ಪದೆ ಕರೆದೊಯ್ಯಿರಿ. ವ್ಯಾಪಾರದಂತೆ ಇಲ್ಲಿಯೂ ಮಾತು ಉಳಿಸಿಕೊಂಡರೆ ಮಾತ್ರ ಎರಡನೇ ಸಲ ಬಾಗಿಲು ತೆರೆಯುತ್ತದೆ.

ರೋಗದ ಎಚ್ಚರಿಕೆ

ಹೊಸ ನಾಯಿಯನ್ನು ಮನೆಯ ನಾಯಿಯಿಂದ ಕನಿಷ್ಠ 14 ದಿನ ಬೇರೆ ಇಡಿ. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಇತ್ತೀಚೆಗೆ ಆ ರೋಗ ಬಂದಿದ್ದ ಮನೆಗೆ ಲಸಿಕೆಯಾಗದ ಮರಿಯನ್ನು ಕೊಡಬೇಡಿ. ಜೊಲ್ಲು ಸುರಿಸುವ, ನುಂಗಲಾಗದ, ಓಲಾಡುವ, ಸ್ವಭಾವ ದಿಢೀರನೆ ಬದಲಾದ ನಾಯಿಯನ್ನು ಯಾವ ಮನೆಗೂ ಒಯ್ಯದೆ ಪಶುವೈದ್ಯರಿಗೆ ತಿಳಿಸಿ. ಅದು ರೇಬೀಸ್ ಇರಬಹುದು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು, ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಅವಧಿ ಮುಗಿದ ಮೇಲೆ

ಸಾಕುನಾಯಿ ಮತ್ತು ಮರಿಗಳಿಗೆ ದತ್ತು ಮನೆ ಹುಡುಕಬೇಕು. ಸಂತಾನಹರಣ ಚಿಕಿತ್ಸೆಯಾದ ಬೀದಿನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕೆಂಬುದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಸಾಮಾನ್ಯ ಕ್ರಮ. ಗೊತ್ತಿಲ್ಲದ ಬೀದಿಯಲ್ಲಿ ಬಿಟ್ಟರೆ ಅಲ್ಲಿನ ನಾಯಿಗಳು ಅದನ್ನು ಸೇರಿಸಿಕೊಳ್ಳುವುದಿಲ್ಲ.

ಒಂದು ಊರಿನಲ್ಲಿ 10 ಮನೆಯವರು ವರ್ಷಕ್ಕೊಮ್ಮೆ 15 ದಿನ ಒಪ್ಪಿಕೊಂಡರೂ 150 ದಿನ ಒಂದು ಜೀವಕ್ಕೆ ಜಾಗ ಸಿಗುತ್ತದೆ. ಇದಕ್ಕೆ ಕಟ್ಟಡವೂ ಬೇಡ, ಟ್ರಸ್ಟೂ ಬೇಡ. ನಿಮ್ಮ ಊರಿನ ಬಸದಿಯಲ್ಲಿ ಇಂಥದೊಂದು ಪಟ್ಟಿ ಮಾಡಿಡಿ.

ಜೈ ಜಿನೇಂದ್ರ.