ಪೋಲೆಂಡಿನ ತಾತಾರರ ಉಂಬಳಿ

ಯುರೋಪಿನಲ್ಲಿ ಇಸ್ಲಾಂ ಎಂದರೆ ಎರಡನೇ ಮಹಾಯುದ್ಧದ ನಂತರ ಕಾರ್ಖಾನೆ ಕೆಲಸಕ್ಕೆ ಬಂದ ವಲಸಿಗರ ಧರ್ಮ ಎಂದು ತಿಳಿದವರೇ ಹೆಚ್ಚು. ಸ್ಪೇನ್, ಬೋಸ್ನಿಯಾಗಳನ್ನು ನೆನಪಿಟ್ಟವರಿಗೂ ಪೋಲೆಂಡ್ ಹೊಳೆಯುವುದಿಲ್ಲ. ಕಟ್ಟಾ ಕ್ಯಾಥೊಲಿಕ್ ಎನಿಸಿಕೊಂಡ ಆ ದೇಶದಲ್ಲೂ, ಒಂದು ಕಾಲಕ್ಕೆ ಅದರ ಜೋಡಿ ರಾಜ್ಯವಾಗಿದ್ದ ಲಿಥುವೇನಿಯಾದಲ್ಲೂ ತಾತಾರ ಮುಸ್ಲಿಮರು ಆರು ನೂರು ವರ್ಷಗಳಿಂದ ಬಾಳಿಕೊಂಡು ಬಂದಿದ್ದಾರೆ. ಇದನ್ನು ಪೋಲಿಷ್ ಸಹಿಷ್ಣುತೆಯ ಕಥೆಯಾಗಿ ಹೇಳುವುದು ವಾಡಿಕೆ. ಕೇಳಲು ಹಿತವಾಗಿದೆ, ಆದರೆ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ಕಥೆ ನಿಲ್ಲುವುದಿಲ್ಲ. ತಾತಾರರನ್ನು ಉಳಿಸಿದ್ದು ನೆರೆಯವರ ಒಳ್ಳೆಯತನಕ್ಕಿಂತ ಹೆಚ್ಚಾಗಿ ಉಂಬಳಿ ಭೂಮಿ, ಸಂಬಳ ಮತ್ತು ಬರೆದಿಟ್ಟ ಹಕ್ಕು ಎಂಬುದು ನನ್ನ ವಾದ.

ಮೊದಲ ದೊಡ್ಡ ಗುಂಪು ಬಂದದ್ದು 14ನೇ ಶತಮಾನದ ಕೊನೆಯಲ್ಲಿ. ತೈಮೂರನಿಗೆ ಸೋತ ತೊಖ್ತಮಿಶ್ ಖಾನ್ ತನ್ನವರೊಡನೆ ಲಿಥುವೇನಿಯಾದ ಮಹಾ ಡ್ಯೂಕ್ ವೀತೌತಸ್‌ನ ಆಶ್ರಯಕ್ಕೆ ಬಂದ. ಲಿಥುವೇನಿಯಾ ತಾನೇ ಕ್ರೈಸ್ತ ಮತಕ್ಕೆ ಬಂದದ್ದು 1387ರಲ್ಲಿ, ಅಂದರೆ ಹತ್ತು ವರ್ಷವಷ್ಟೇ ಹಿಂದೆ. ಪಶ್ಚಿಮದಲ್ಲಿ ಶಿಲುಬೆ ಹೊತ್ತ ಟ್ಯೂಟಾನಿಕ್ ಯೋಧರು ಗಡಿ ಒತ್ತುತ್ತಿದ್ದರು. ಡ್ಯೂಕನಿಗೆ ಬೇಕಾಗಿದ್ದದ್ದು ಕುದುರೆ ಮೇಲೆ ಕೂತು ಬಿಲ್ಲು ಎಳೆಯಬಲ್ಲ ಗಂಡಾಳುಗಳು. ಅವರು ಯಾರಿಗೆ ನಮಸ್ಕರಿಸುತ್ತಾರೆ ಎಂಬ ವಿಚಾರಣೆ ಅವನಿಗೆ ಬೇಕಿರಲಿಲ್ಲ. ಜಮೀನು ಕೊಟ್ಟ, ಬದಲಿಗೆ ಕರೆದಾಗ ಕುದುರೆ, ಆಯುಧದೊಡನೆ ಬರಬೇಕೆಂದ. 1410ರ ಗ್ರುನ್ವಾಲ್ಡ್ ಕದನದಲ್ಲಿ ಅವರು ಬಂದರು ಕೂಡ. ಸೋತ ಟ್ಯೂಟಾನಿಕ್ ಪಡೆ ಕಾನ್‌ಸ್ಟನ್ಸ್ ಧರ್ಮಸಭೆಯವರೆಗೂ ಹೋಗಿ, ಪೋಲೆಂಡಿನ ರಾಜ ಅನ್ಯಮತೀಯರನ್ನು ಕಟ್ಟಿಕೊಂಡು ಕ್ರೈಸ್ತರನ್ನು ಕೊಂದನೆಂದು ದೂರಿತು. ಪೋಲೆಂಡಿನ ಪರ ನಿಂತ ಪಾವೆಲ್ ವ್ಲೊದ್ಕೊವಿತ್ಸ್, ಕ್ರೈಸ್ತರಲ್ಲದವರಿಗೂ ತಮ್ಮ ನೆಲದ ಮೇಲೆ ಹಕ್ಕಿದೆ, ಮತದ ಕಾರಣಕ್ಕೆ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂದು ವಾದಿಸಿದ. 15ನೇ ಶತಮಾನದ ಪಾದ್ರಿಯೊಬ್ಬನ ಬಾಯಲ್ಲಿ ಇದು ಸಣ್ಣ ಮಾತಲ್ಲ. ಆದರೂ ಆ ಮಾತು ಹುಟ್ಟಿದ್ದು ಯುದ್ಧದ ಅಗತ್ಯ ಬಿದ್ದ ಮೇಲೆ ಎಂಬುದನ್ನು ಗಮನಿಸಬೇಕು.

ಸಹಿಷ್ಣುತೆಯೇ ಬುನಾದಿಯಾಗಿದ್ದರೆ 17ನೇ ಶತಮಾನದ ಆರಂಭದಲ್ಲಿ ಅದು ಕುಸಿದೇ ಬೀಳಬೇಕಿತ್ತು. 1609ರಲ್ಲಿ ತ್ರಾಕಾಯ್‌ನ ಮಸೀದಿಯನ್ನು ಜನರ ಗುಂಪು ನೆಲಸಮ ಮಾಡಿತು. ಕೆಲವೇ ವರ್ಷಗಳಲ್ಲಿ ತಾತಾರರನ್ನು ಹೀಯಾಳಿಸುವ ಪುಸ್ತಕವೊಂದು ವಿಲ್ನಿಯಸ್‌ನಲ್ಲಿ ಅಚ್ಚಾಯಿತು. ಕ್ರೈಸ್ತ ಹೆಣ್ಣುಗಳನ್ನು ಅವರು ಮದುವೆಯಾಗುವುದಕ್ಕೂ ತಡೆ ಬಂತು. ಜನರ ಮನಸ್ಸು ಕೆಟ್ಟಿತ್ತು, ಸಮುದಾಯ ಮಾತ್ರ ಉಳಿಯಿತು, ಏಕೆಂದರೆ ಉಂಬಳಿ ಅವರ ಕೈಯಲ್ಲೇ ಇತ್ತು. ಕೈಬಿಟ್ಟು ಹೋಗುವ ಸ್ಥಿತಿ ಬಂದದ್ದು ಸಂಬಳ ನಿಂತಾಗ. ಬಾಕಿ ಸಂಬಳ, ಮೊಟಕಾಗುತ್ತಿದ್ದ ಹಕ್ಕುಗಳಿಂದ ರೋಸಿಹೋದ ತಾತಾರ ಪಡೆಗಳು 1672ರಲ್ಲಿ ಅಲೆಕ್ಸಾಂಡರ್ ಕ್ರಿಚಿನ್ಸ್ಕಿಯ ಮುಂದಾಳ್ತನದಲ್ಲಿ ಒಟ್ಟೊಮನ್ ಸುಲ್ತಾನನ ಕಡೆ ಸೇರಿದವು. ಮುಸ್ಲಿಮರು ಮುಸ್ಲಿಂ ಸುಲ್ತಾನನ ಕಡೆ ಹೋದದ್ದರಲ್ಲಿ ಆಶ್ಚರ್ಯವೇನು ಎಂದು ಕೇಳಬಹುದು. ಹಾಗಾದರೆ ಅವರಲ್ಲಿ ಅನೇಕರು ಕೆಲವೇ ವರ್ಷಗಳಲ್ಲಿ ಮರಳಿ ಬಂದದ್ದೇಕೆ? ರಾಜ ಯಾನ್ ಸೊಬಿಯೆಸ್ಕಿ ಕ್ಷಮೆ ಕೊಟ್ಟ. 1679ರಲ್ಲಿ ಬಾಕಿ ಸಂಬಳದ ಬದಲಿಗೆ ಬೊಹೊನಿಕಿ, ಕ್ರುಶಿನ್ಯಾನಿ ಮುಂತಾದ ಹಳ್ಳಿಗಳಲ್ಲಿ ಭೂಮಿ ಹಂಚಿದ. 1683ರ ವಿಯೆನ್ನಾ ಕದನದಲ್ಲಿ ಅವನ ತಾತಾರರು ಅದೇ ಸುಲ್ತಾನನ ಸೈನ್ಯದ ವಿರುದ್ಧ ಕಾದಿದರು. ಎದುರು ಪಕ್ಷದ ತಾತಾರರೊಡನೆ ಗುರುತು ಬೆರೆಯದಿರಲೆಂದು ಶಿರಸ್ತ್ರಾಣಕ್ಕೆ ಒಣಹುಲ್ಲು ಸಿಕ್ಕಿಸಿಕೊಂಡಿದ್ದರಂತೆ. ಧರ್ಮ ಎರಡೂ ಕಡೆ ಒಂದೇ ಆಗಿತ್ತು. ಬದಲಾದದ್ದು ಕರಾರನ್ನು ಪಾಲಿಸಿದ ಧಣಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಅವರು ಉಳಿದದ್ದು ಕರಗಿಹೋದದ್ದರಿಂದ, ಹೆಸರಿಗೆ ಮಾತ್ರ ಮುಸ್ಲಿಮರಾಗಿ ಎಂಬುದು. ಕರಗಿದ್ದು ನಿಜ. ತಮ್ಮ ತುರ್ಕಿ ಮೂಲದ ನುಡಿಯನ್ನು 16ನೇ ಶತಮಾನದ ಹೊತ್ತಿಗೇ ಬಹುಪಾಲು ಬಿಟ್ಟು ಬೆಲಾರೂಸಿ, ಪೋಲಿಷ್ ಆಡತೊಡಗಿದರು. ಆದರೆ ಅವರ ಕೈಬರಹದ ಕಿತಾಬ್‌ಗಳನ್ನು ಬಿಡಿಸಿದರೆ ಬೇರೆಯೇ ಚಿತ್ರ ಸಿಗುತ್ತದೆ. ಭಾಷೆ ಬೆಲಾರೂಸಿ ಅಥವಾ ಪೋಲಿಷ್, ಲಿಪಿ ಅರಬಿ, ಪುಟ ತಿರುಗುವುದು ಬಲದಿಂದ ಎಡಕ್ಕೆ. ಅರಬಿಯಲ್ಲಿಲ್ಲದ ‘ತ್ಸ’ ಉಚ್ಚಾರಕ್ಕೆ ‘ಸ್ವಾದ್’ ಅಕ್ಷರದ ಅಡಿಯಲ್ಲಿ, ‘ದ್ಝ’ಕ್ಕೆ ‘ದಾಲ್’ ಅಡಿಯಲ್ಲಿ ಮೂರು ಮೂರು ಚುಕ್ಕೆ ಇಟ್ಟು ಹೊಸ ಅಕ್ಷರಗಳನ್ನೇ ಮಾಡಿಕೊಂಡಿದ್ದರು. ಪ್ರವಾದಿಗಳ ಕಥೆ, ನಮಾಜಿನ ವಿಧಿ, ಕನಸಿನ ಫಲ ಎಲ್ಲ ಅದರಲ್ಲಿದೆ. ಖುರಾನಿನ ಸಾಲುಗಳ ನಡುವೆ ಪೋಲಿಷ್ ಅರ್ಥ ಬರೆದ ತಫ್ಸೀರ್‌ಗಳು 17ನೇ ಶತಮಾನದಿಂದಲೇ ಸಿಗುತ್ತವೆ. ಮಲಬಾರಿನ ಅರಬಿ-ಮಲಯಾಳ ಬರಹವನ್ನು ಬಲ್ಲ ನಮಗೆ ಇದರ ಹದ ಬೇಗ ಅರ್ಥವಾಗುತ್ತದೆ. ಊರಿನ ಮಾತನ್ನು ಇಷ್ಟು ಶ್ರಮಪಟ್ಟು ಧರ್ಮಕ್ಕೆ ಒಗ್ಗಿಸಿದವರನ್ನು ಹೆಸರಿಗಷ್ಟೇ ಮುಸ್ಲಿಮರು ಎನ್ನುವುದು ಅನ್ಯಾಯ. ಕ್ರುಶಿನ್ಯಾನಿಯ ಹಸಿರು ಬಣ್ಣದ ಮರದ ಮಸೀದಿಯೂ ಹೀಗೆಯೇ: ಹೊರಗಿನಿಂದ ಎರಡು ಗೋಪುರಗಳ ಹಳ್ಳಿ ಚರ್ಚು, ಒಳಗೆ ಮಿಹ್ರಾಬ್, ಹೆಂಗಸರಿಗೆ ಬೇರೆ ಕೋಣೆ.

ಹಾಗೆಂದು ಈ ಏರ್ಪಾಡನ್ನು ಮಾದರಿ ಎಂದು ಹೊಗಳಲಾರೆ. ರಕ್ತ ಸುರಿಸಿ ಗಳಿಸಿದ ಹಕ್ಕು ಅದು. ಉಂಬಳಿದಾರರಾಗಿದ್ದೂ ಸಂಸತ್ತಿನಲ್ಲಿ ಕೂರುವ ಅಧಿಕಾರ ಅವರಿಗಿರಲಿಲ್ಲ. ಕತ್ತಿ ಹಿಡಿಯದ ಅಲ್ಪಸಂಖ್ಯಾತರ ಗತಿಯೇನು ಎಂಬ ಪ್ರಶ್ನೆಗೆ ಆ ವ್ಯವಸ್ಥೆಯಲ್ಲಿ ಉತ್ತರವಿಲ್ಲ. ಉತ್ತರ ಸಿಕ್ಕಿದ್ದು 20ನೇ ಶತಮಾನದಲ್ಲಿ. ಒಂದು ಶತಮಾನಕ್ಕೂ ಹೆಚ್ಚು ಕಾಲ ಹರಿದು ಹಂಚಿಹೋಗಿದ್ದ ಪೋಲೆಂಡ್ ಮತ್ತೆ ಎದ್ದ ಮೇಲೆ, 1925ರಲ್ಲಿ ಮುಸ್ಲಿಮರ ಧಾರ್ಮಿಕ ಒಕ್ಕೂಟ ಹುಟ್ಟಿ ಯಾಕುಬ್ ಶಿನ್ಕೆವಿಚ್ ಮುಫ್ತಿಯಾದರು. 1936ರಲ್ಲಿ ಸಂಸತ್ತು ಈ ಒಕ್ಕೂಟವನ್ನು ಕಾಯ್ದೆಯ ಮೂಲಕವೇ ಮಾನ್ಯ ಮಾಡಿತು. ಸೈನ್ಯ ಸೇವೆಯ ಷರತ್ತಿಲ್ಲದೆ, ಪ್ರಜೆಗಳೆಂಬ ಕಾರಣಕ್ಕೇ ಬಂದ ಮಾನ್ಯತೆ ಅದು. ಯುದ್ಧಾನಂತರ ಗಡಿ ಪಶ್ಚಿಮಕ್ಕೆ ಸರಿದಾಗ ಹಳೆಯ ಮಸೀದಿಗಳಲ್ಲಿ ಪೋಲೆಂಡಿನೊಳಗೆ ಉಳಿದದ್ದು ಬೊಹೊನಿಕಿ, ಕ್ರುಶಿನ್ಯಾನಿ ಎರಡೇ. ಇಂದು ತಾತಾರರು ಅಲ್ಲಿ ಕೆಲವೇ ಸಾವಿರ. ಹೊಸದಾಗಿ ಬಂದ ಮುಸ್ಲಿಮರು ಅವರನ್ನು ಸಂಖ್ಯೆಯಲ್ಲಿ ಹಿಂದೆ ಹಾಕಿದ್ದಾರೆ. 2014ರಲ್ಲಿ ಕ್ರುಶಿನ್ಯಾನಿ ಮಸೀದಿಯ ಗೋಡೆಗೆ ಯಾರೋ ಹಂದಿಯ ಚಿತ್ರ ಬಳಿದು ಹೋದರು. ಸೊಬಿಯೆಸ್ಕಿಗಾಗಿ ಕಾದಿದ ಕುಲದ ಚರಿತ್ರೆ ಆ ಕುಂಚಕ್ಕೆ ಅಡ್ಡ ಬರಲಿಲ್ಲ. 1936ರ ಕಾಯ್ದೆ ಮಾತ್ರ ಇನ್ನೂ ರದ್ದಾಗಿಲ್ಲ.