ಬೆಂಗಳೂರಿನ ವಸತಿ ವಿಸ್ತರಣೆ

ಬೆಂಗಳೂರಿನ ವಸತಿ ವಿಸ್ತರಣೆ ಎಂಬುದು ಕರ್ನಾಟಕದ ರಾಜಧಾನಿಯು ಏರುತ್ತಿರುವ ಜನಸಂಖ್ಯೆಗೆ ಮನೆಗಳನ್ನು ಒದಗಿಸಿಕೊಂಡ ಬಗೆಯನ್ನೂ ಆ ಕುರಿತ ಚರ್ಚೆಯನ್ನೂ ಒಳಗೊಂಡ ವಿಷಯವಾಗಿದೆ. ಚರ್ಚೆಯಲ್ಲಿ ಮುಖ್ಯವಾಗಿ ಎರಡು ವಿಧಾನಗಳಿವೆ. ಒಂದು, ನಗರದಂಚಿನ ಗ್ರಾಮಗಳ ಭೂಮಿಯಲ್ಲಿ ಹೊಸ ಬಡಾವಣೆಗಳನ್ನು ನಿರ್ಮಿಸುವುದು. ಇದನ್ನು ಹೊರವಿಸ್ತರಣೆ ಎನ್ನಬಹುದು. ಇನ್ನೊಂದು, ನಗರದೊಳಗಿನ ಖಾಲಿ ನಿವೇಶನ, ಹಳೆಯ ಮನೆ ಹಾಗೂ ಮುಚ್ಚಿದ ಕಾರ್ಖಾನೆಗಳ ಜಾಗದಲ್ಲಿ ಹೆಚ್ಚು ಮನೆಗಳನ್ನು ಕಟ್ಟುವುದು, ಇದು ಒಳತುಂಬುವಿಕೆ. 2001ರ ಜನಗಣತಿಯಲ್ಲಿ ಸುಮಾರು 57 ಲಕ್ಷವಿದ್ದ ಬೆಂಗಳೂರು ನಗರ ಸಮುಚ್ಚಯದ ಜನಸಂಖ್ಯೆಯು 2011ರಲ್ಲಿ ಸುಮಾರು 85 ಲಕ್ಷಕ್ಕೆ ಏರಿತು.

ಇತಿಹಾಸ

ಕೋಟೆ ಮತ್ತು ಪೇಟೆಯ ಹೊರಗೆ 1892ರಲ್ಲಿ ಚಾಮರಾಜಪೇಟೆಯ ನಿರ್ಮಾಣವಾಯಿತು. 1898ರ ಪ್ಲೇಗ್ ಪಿಡುಗಿನ ನಂತರ, ಕಿಕ್ಕಿರಿದ ಪೇಟೆಗೆ ಪರ್ಯಾಯವಾಗಿ ಬಸವನಗುಡಿ ಮತ್ತು ಮಲ್ಲೇಶ್ವರಗಳು ಬೆಳೆದವು. ಅಗಲವಾದ ರಸ್ತೆ, ಸಾಲುಮರ, ಮನೆಯ ಸುತ್ತ ಗಾಳಿ ಬೆಳಕಿಗೆ ಬಿಟ್ಟ ಜಾಗ ಇವುಗಳ ಲಕ್ಷಣಗಳಾಗಿದ್ದವು. ಆದರೂ ಇದೇ ಬಡಾವಣೆಗಳಲ್ಲಿ ಒಂದೇ ಆವರಣದೊಳಗೆ ಹಲವು ಸಂಸಾರಗಳು ಬಾಡಿಗೆಗೆ ವಾಸಿಸುವ ವಠಾರಗಳೂ ಇದ್ದವು.

1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯೂ 1976ರಲ್ಲಿ ಅದರ ಸ್ಥಾನದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ (ಬಿಡಿಎ) ಸ್ಥಾಪನೆಯಾದವು. ಭೂಮಿಯನ್ನು ಸ್ವಾಧೀನಪಡಿಸಿಕೊಂಡು ಬಡಾವಣೆ ರಚಿಸಿ ನಿವೇಶನ ಹಂಚುವುದು ಇವುಗಳ ಪ್ರಮುಖ ಕಾರ್ಯವಾಗಿದ್ದರಿಂದ ಹೊರವಿಸ್ತರಣೆಯೇ ನಗರ ಬೆಳವಣಿಗೆಯ ರೂಢಿಯ ಮಾರ್ಗವಾಯಿತು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಗ್ರಾಮಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಪಾಲಿಕೆಯ ವಿಸ್ತೀರ್ಣವು ಸುಮಾರು 226 ಚದರ ಕಿಲೋಮೀಟರಿನಿಂದ 700 ಚದರ ಕಿಲೋಮೀಟರಿಗೂ ಮೀರಿ ಬೆಳೆಯಿತು.

ಹೊರವಿಸ್ತರಣೆ

ಮಧ್ಯಮ ವರ್ಗದವರಿಗೆ 30×40 ಅಡಿಯ ಸ್ವಂತ ನಿವೇಶನ ದೊರಕಿಸಿಕೊಟ್ಟದ್ದು ಈ ಮಾರ್ಗದ ಸಾಧನೆ ಎಂದು ಅದರ ಪರವಾದಿಗಳು ಹೇಳುತ್ತಾರೆ. ಹೊಸ ನೆಲದಲ್ಲಿ ರಸ್ತೆ, ಉದ್ಯಾನ, ಶಾಲೆಗಳಿಗೆ ಮೊದಲೇ ಜಾಗ ಕಾದಿರಿಸಬಹುದು ಎಂಬುದೂ ಅವರ ವಾದವಾಗಿದೆ.

ಇದರ ಹೊರೆ ಮೊದಲು ಬೀಳುವುದು ಗ್ರಾಮಗಳ ಮೇಲೆ. 17 ಗ್ರಾಮಗಳ ಭೂಮಿಗಾಗಿ 2008ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟ ಡಾ. ಶಿವರಾಮ ಕಾರಂತ ಬಡಾವಣೆಯು ದೀರ್ಘಕಾಲ ನ್ಯಾಯಾಲಯಗಳಲ್ಲಿ ಉಳಿದು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ ಮುಂದುವರಿಯಿತು. ಈ ಹತ್ತು ವರ್ಷಗಳ ಅವಧಿಯಲ್ಲಿ ಅಧಿಸೂಚಿತ ಭೂಮಿಯಲ್ಲಿ ಮನೆಗಳು ತಲೆಯೆತ್ತಿದವು. ರೈತರು ಮತ್ತು ನಿವೇಶನ ಕೊಂಡವರು ಇಬ್ಬರೂ ಅತಂತ್ರರಾದರು. ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಗಳ ನಡುವಿನ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ನಿವೇಶನ ಪಡೆದವರು ನೀರು, ಒಳಚರಂಡಿ ಮತ್ತು ರಸ್ತೆಗಳಿಗಾಗಿ ಹಲವು ವರ್ಷ ಕಾಯಬೇಕಾಯಿತು.

ನೀರು ಇನ್ನೊಂದು ಮಿತಿ. ನಗರಕ್ಕೆ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಮೇಲೆತ್ತಿ ತರಲಾಗುತ್ತದೆ. 2007ರಲ್ಲಿ ಸೇರಿದ 110 ಗ್ರಾಮಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಈ ಪ್ರದೇಶಗಳು ಬಹುಮಟ್ಟಿಗೆ ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನು ಅವಲಂಬಿಸಿದ್ದವು. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಹೊರವಲಯದ ನಿವಾಸಿಗಳು ತೀವ್ರ ಅಭಾವ ಎದುರಿಸಿದರು. ಅದಕ್ಕೂ ಮೊದಲು, 2022ರ ಮಳೆಗಾಲದಲ್ಲಿ ಪೂರ್ವ ಭಾಗದ ಹೊಸ ವಸತಿ ಪ್ರದೇಶಗಳು ಜಲಾವೃತವಾಗಿದ್ದವು. ಕೆರೆಗಳನ್ನು ಜೋಡಿಸುವ ರಾಜಕಾಲುವೆಗಳ ಒತ್ತುವರಿ ಇದಕ್ಕೆ ಮುಖ್ಯ ಕಾರಣವೆಂದು ಗುರುತಿಸಲಾಯಿತು.

ಒಳತುಂಬುವಿಕೆ

ನಗರದೊಳಗೆ ನೀರಿನ ಕೊಳವೆ, ಬಸ್ಸು, ಶಾಲೆ, ಆಸ್ಪತ್ರೆಗಳು ಈಗಾಗಲೇ ಇರುವುದು ಈ ವಿಧಾನದ ಅನುಕೂಲ. 2011ರಲ್ಲಿ ನಮ್ಮ ಮೆಟ್ರೊ ಸಂಚಾರ ಆರಂಭವಾದ ಮೇಲೆ, ನಿಲ್ದಾಣಗಳ ಸಮೀಪದಲ್ಲಿ ಹೆಚ್ಚು ಮಹಡಿಗಳಿಗೆ ಅವಕಾಶ ನೀಡಬೇಕೆಂಬ ವಾದಕ್ಕೆ ಬಲ ಬಂದಿತು. ಬಿನ್ನಿ ಗಿರಣಿಯ ಜಾಗದಲ್ಲಿ ಎದ್ದ ಬಹುಮಹಡಿ ವಸತಿ ಸಂಕೀರ್ಣಗಳು ಕೈಗಾರಿಕಾ ಭೂಮಿಯ ಮರುಬಳಕೆಗೆ ಉದಾಹರಣೆಯಾಗಿವೆ.

ಹಳೆಯ ಬಡಾವಣೆಗಳ ನಿವಾಸಿಗಳು ಇದಕ್ಕೆ ಆಕ್ಷೇಪಿಸುತ್ತಾರೆ. ಒಂದೆರಡು ಕುಟುಂಬಗಳಿಗೆಂದು ಯೋಜಿಸಿದ ನಿವೇಶನದಲ್ಲಿ ಎಂಟು ಹತ್ತು ಮನೆಗಳಾದಾಗ ಒಳಚರಂಡಿ, ವಾಹನ ನಿಲುಗಡೆ ಮತ್ತು ಮರಗಳ ಮೇಲೆ ಒತ್ತಡ ಬೀಳುತ್ತದೆ. ಕೇಂದ್ರ ಭಾಗದಲ್ಲಿ ನೆಲದ ಬೆಲೆ ಅಧಿಕವಾಗಿರುವುದರಿಂದ ಅಲ್ಲಿ ಕಟ್ಟಿದ ಹೊಸ ಮನೆಗಳು ಕಡಿಮೆ ವರಮಾನದವರಿಗೆ ನಿಲುಕುವುದಿಲ್ಲ. ಮನೆ ಮರುನಿರ್ಮಾಣವಾದಾಗ ಮೊದಲು ತೆರವಾಗುವವರು ವಠಾರದಂತಹ ಹಳೆಯ ಕಟ್ಟಡಗಳ ಬಾಡಿಗೆದಾರರು.

ರೆವಿನ್ಯೂ ಬಡಾವಣೆಗಳು

ಈ ಎರಡು ಮಾರ್ಗಗಳೂ ಕೈಗೆಟುಕದವರಲ್ಲಿ ಅನೇಕರು ರೆವಿನ್ಯೂ ನಿವೇಶನಗಳನ್ನು ಕೊಂಡಿದ್ದಾರೆ. ಭೂಪರಿವರ್ತನೆ ಅಥವಾ ನಕ್ಷೆಗೆ ಅನುಮೋದನೆ ಇಲ್ಲದೆ ಕೃಷಿಭೂಮಿಯನ್ನು ವಿಂಗಡಿಸಿ ಮಾರಿದ ಇಂತಹ ಸ್ವತ್ತುಗಳು ಪಾಲಿಕೆಯಲ್ಲಿ 'ಬಿ' ಖಾತೆಯಡಿ ದಾಖಲಾಗಿ, ಬ್ಯಾಂಕ್ ಸಾಲ ಮತ್ತು ಕಟ್ಟಡ ಪರವಾನಗಿಗೆ ತೊಡಕಾಗುತ್ತವೆ. ದಂಡ ಪಡೆದು ನಿಯಮ ಉಲ್ಲಂಘನೆಗಳನ್ನು ಸಕ್ರಮಗೊಳಿಸುವ 'ಅಕ್ರಮ–ಸಕ್ರಮ' ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ಇದರಿಂದಾಗಿ, ಯೋಜನೆಯ ಚರ್ಚೆ ಮುಗಿಯುವ ಮೊದಲೇ ನಗರವು ಯೋಜನೆಯ ಹೊರಗೆ ಬೆಳೆದಿದೆ ಎಂಬ ಟೀಕೆಯಿದೆ.

ಇತ್ತೀಚಿನ ಬೆಳವಣಿಗೆಗಳು

2017ರಲ್ಲಿ ಪ್ರಕಟವಾದ ಪರಿಷ್ಕೃತ ಮಹಾಯೋಜನೆ–2031ರ ಕರಡನ್ನು 2020ರಲ್ಲಿ ಹಿಂಪಡೆಯಲಾಯಿತು. ಹೀಗಾಗಿ 2015ನೇ ವರ್ಷವನ್ನು ಗುರಿಯಾಗಿಟ್ಟುಕೊಂಡು 2007ರಲ್ಲಿ ಅನುಮೋದಿಸಿದ ಮಹಾಯೋಜನೆಯೇ ಅವಧಿ ಮುಗಿದ ನಂತರವೂ ಬಳಕೆಯಲ್ಲಿ ಉಳಿಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವು ಅಸ್ತಿತ್ವಕ್ಕೆ ಬಂದು, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ರಚನೆಯಾದವು.